ದಮ್ಮಿರುವ ಇಂಜಿನ್ನು

ನಮ್ಮ ಮನೆಯಲ್ಲಿ ಏದುಸಿರು ಬಿಡುತ್ತಿದ್ದವರು ಇಬ್ಬರು: ಒಬ್ಬರು ನಮ್ಮ ಅತ್ತಿಗೆ, ಇನ್ನೊಂದು ನಮ್ಮ ಜೀಪು. ಅತ್ತಿಗೆ ಮೂರು ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿ, ಅವಕ್ಕೆ ಬೆನ್ನು ಕೊಟ್ಟು, ಮಲಗಿದ್ದಾರೋ ಕುಳಿತಿದ್ದಾರೋ ಎಂದು ನೋಡಿದವರಿಗೆ ತಿಳಿಯದ ಭಂಗಿಯಲ್ಲಿ ನಿದ್ದೆ ಮಾಡುತ್ತಿದ್ದರು. ಜೀಪು ಮನೆಯ ಮುಂದಿನ ಇಳಿಜಾರಿನಲ್ಲಿ, ಬೆಳಗ್ಗೆ ತಳ್ಳುವವರು ಸಿಗದಿದ್ದರೆ ತಾನಾಗಿ ಉರುಳಿಯಾದರೂ ಸ್ಟಾರ್ಟ್ ಆಗಲಿ ಎಂಬ ಮುಂದಾಲೋಚನೆಯಿಂದ, ಚಕ್ರಕ್ಕೆ ಕಲ್ಲು ಕೊಡಿಸಿಕೊಂಡು ನಿಂತಿರುತ್ತಿತ್ತು. ನಮ್ಮ ಅಣ್ಣ ಬೆಳಗ್ಗೆ ಎದ್ದವನೇ ಮೊದಲು ಒಳಗೆ ಬಗ್ಗಿ ಅತ್ತಿಗೆಯ ಉಸಿರನ್ನು ಆಲಿಸುವನು, ಆಮೇಲೆ ಹೊರಗೆ ಬಂದು ಜೀಪಿನ ಬಾನೆಟ್ಟು ಎತ್ತುವನು. ಎರಡು ಕಡೆಯೂ ಅವನ ಮುಖದಲ್ಲಿ ಒಂದೇ ಚಿಂತೆ ಇರುತ್ತಿತ್ತು, ಬಾಯಲ್ಲಿ ಮಾತ್ರ ಒಂದು ಮಾತೂ ಇರುತ್ತಿರಲಿಲ್ಲ.

ಎಪ್ಪತ್ತರ ದಶಕ ಮುಗಿದು ಎಂಬತ್ತು ಕಾಲಿಡುತ್ತಿದ್ದ ಕಾಲ. ಅಣ್ಣ ಚನ್ನಗಿರಿಯಲ್ಲಿ ಮನೆಗೆ ಹತ್ತಿರದಲ್ಲೇ ಹಿಟ್ಟಿನ ಗಿರಣಿ ನಡೆಸುತ್ತಿದ್ದ, ನಾನು ಅಲ್ಲೇ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಹೀಗಾಗಿ ಅವನ ಮೈಮೇಲೆ ಹಿಟ್ಟು, ನನ್ನ ಮೈಮೇಲೆ ಸೀಮೆಸುಣ್ಣ. ದೂರದಿಂದ ನೋಡಿದವರಿಗೆ ನಾವು ಒಂದೇ ಕಸುಬಿನವರಂತೆ ಕಾಣುತ್ತಿದ್ದೆವು. ಆದರೆ ಅವನ ಕೈಗೆ ಯಂತ್ರಗಳು ಒಲಿದಿದ್ದವು, ನನಗೆ ಪದಗಳು ಒಲಿದಿವೆ ಎಂಬ ಭ್ರಮೆಯಿತ್ತು. ಜೀಪು ಮಿಲಿಟರಿಯವರು ಹರಾಜು ಹಾಕಿದ್ದು, ಪೆಟ್ರೋಲಿನದು. ಯಾವ ಯುದ್ಧ ನೋಡಿತ್ತೋ ನಮಗೆ ತಿಳಿಯದು, ನಮ್ಮ ಮನೆಗೆ ಬರುವ ಹೊತ್ತಿಗೆ ಅದು ಯುದ್ಧವನ್ನೆಲ್ಲ ಬಿಟ್ಟು ಶಾಂತಿಮಂತ್ರ ಜಪಿಸುತ್ತಿತ್ತು. ಸಂತೇಬೆನ್ನೂರು ದಾಟುವಷ್ಟರಲ್ಲಿ ನೀರು ಕುದಿಯುತ್ತಿತ್ತು, ಸಣ್ಣ ಏರು ಎದುರಾದರೂ ಕೆಮ್ಮಿ, ಕನಲಿ, ನಿಂತುಬಿಡುತ್ತಿತ್ತು.

ಅತ್ತಿಗೆಯ ತವರು ಜಗಳೂರು. ಒಣ ನೆಲ, ಒಣ ಗಾಳಿ. ಅಲ್ಲಿ ಬೆಳೆದ ಎದೆಗೆ ನಮ್ಮೂರಿನ ಗಾಳಿ ಬರಬರುತ್ತ ಒಗ್ಗದಾಯಿತು. ಅದರಲ್ಲೂ ಅಡಿಕೆ ಸುಗ್ಗಿ ಬಂತೆಂದರೆ ಊರ ಸುತ್ತ ಹಂಡೆಗಳಿಗೆ ಬೆಂಕಿ ಬೀಳುತ್ತಿತ್ತು, ಅಡಿಕೆ ಬೇಯಿಸುವ ಹೊಗೆ ಬೀದಿಗಳ ಮೇಲೆ ಕಂಬಳಿ ಹೊದಿಸಿದಂತೆ ಕೂರುತ್ತಿತ್ತು. ಊರಿಗೆಲ್ಲ ಅದು ಹಬ್ಬದ ವಾಸನೆ, ಅತ್ತಿಗೆಗೆ ಮಾತ್ರ ಗಡೀಪಾರಿನ ಅಪ್ಪಣೆ. ಸುಗ್ಗಿ ಮೊದಲಾಗುವ ಮುಂಚೆಯೇ ಅವರನ್ನು ಬಸ್ಸಿನಲ್ಲಿ ದಾವಣಗೆರೆ ಹಾದು ಜಗಳೂರಿಗೆ ಮುಟ್ಟಿಸಬೇಕು. ಆ ಬಸ್ಸಿನ ನೂಕುನುಗ್ಗಲು, ಬೀಡಿ ಹೊಗೆ, ಧೂಳು ಇವನ್ನೆಲ್ಲ ದಾಟಿ ಅವರು ಸುಧಾರಿಸಿಕೊಳ್ಳಲು ಎಂಟು ದಿನ ಬೇಕಾಗುತ್ತಿದ್ದುದರಿಂದ ನಡುವೆ ಬಂದು ಹೋಗುವ ಮಾತೇ ಇರಲಿಲ್ಲ. ಹೋದರೆ ನಾಲ್ಕು ತಿಂಗಳು. ಹೀಗೆ ಆರು ವರ್ಷ ನಡೆದಿತ್ತು. "ಅಲ್ಲಿ ಹೋದ್ರೆ ಯಾವಾಗ ಹೋಗ್ತೀಯ ಅಂತಾರೆ, ಇಲ್ಲಿ ಬಂದ್ರೆ ಯಾವಾಗ ಬಂದೆ ಅಂತಾರೆ. ನಾನು ಎರಡೂ ಮನೆಗೆ ನೆಂಟಳಾದೆ ನೋಡು," ಎಂದು ಒಮ್ಮೆ ನನ್ನೆದುರು ನಕ್ಕಿದ್ದರು. ಅಮ್ಮನಿಲ್ಲದ ನನ್ನನ್ನು ಸಾಕಿ ಮೇಷ್ಟ್ರು ಮಾಡಿದ ಹೆಂಗಸು ಅವರು. ಆ ನಗು ನನಗೆ ಹಿಡಿಸಲಿಲ್ಲ.

ಆ ವರ್ಷ ದಾವಣಗೆರೆಯ ಡಾಕ್ಟರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಸುಗ್ಗಿಯೊಂದರ ಪ್ರಶ್ನೆಯಲ್ಲ, ಈ ಹವೆಯೇ ಇವರಿಗೆ ಆಗದು, ಜಗಳೂರಿನಲ್ಲೇ ಖಾಯಂ ಇದ್ದುಬಿಟ್ಟರೆ ಒಳ್ಳೆಯದು ಎಂದರು. ಅಣ್ಣ ಕೇಳಿಸಿಕೊಂಡ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮರುದಿನ ಬೆಳಗ್ಗೆ ಎದ್ದು, ಬಸ್ ಸ್ಟ್ಯಾಂಡಿನ ಹಿಂದಿದ್ದ ಬಾಬಾಜಾನ್ ಸಾಬರ ಶೆಡ್ಡಿಗೆ ಜೀಪು ತಳ್ಳಿಸಿಕೊಂಡು ಹೋಗಿ, ಇದಕ್ಕೆ ಬೇರೆ ಇಂಜಿನ್ನು ಕೂರಿಸಬೇಕು, ಜಗಳೂರು ಒಂದೇ ಉಸಿರಿಗೆ ಮುಟ್ಟಬೇಕು ಎಂದ.

ಬಾಬಾಜಾನ್ ಸಾಬರು ಆ ಸೀಮೆಗೆಲ್ಲ ಹೆಸರಾದ ಮೇಸ್ತ್ರಿ. ಕಾಗದದ ಮೇಲೆ ಒಂದು ಗೆರೆ ಎಳೆದವರಲ್ಲ. ಅವರ ನಕ್ಷೆಯೆಲ್ಲ ಶೆಡ್ಡಿನ ಸಿಮೆಂಟು ನೆಲದ ಮೇಲೆ, ನಾನು ಶಾಲೆಯಿಂದ ತಂದುಕೊಟ್ಟ ಸೀಮೆಸುಣ್ಣದಲ್ಲಿ. ಅಣ್ಣನೂ ಅವರೂ ಕುಕ್ಕರಗಾಲಿನಲ್ಲಿ ಕೂತು ಗೆರೆ ಎಳೆಯುವುದು, ಅಳಿಸುವುದು, ಚಹಾ ಕುಡಿಯುವುದು, ಮತ್ತೆ ಎಳೆಯುವುದು. ಇದು ಮೂರು ತಿಂಗಳು ನಡೆಯಿತು. ಇಂಜಿನ್ನು ಬದಲಿಸುವುದೆಂದರೆ ದೀಪದ ಬುರುಡೆ ಬದಲಿಸಿದಂತೆ ಎಂದು ತಿಳಿದಿದ್ದ ನನಗೆ ಅಲ್ಲಿ ದೊಡ್ಡ ಪಾಠವಾಯಿತು. "ಬಲ ಕೂರಿಸೋದು ದೊಡ್ಡ ಮಾತಲ್ಲ ಮೇಷ್ಟ್ರೆ," ಎಂದರು ಸಾಬರು, "ಬಂದ ಬಲಾನ ತಡಕೊಳ್ಳೋರು ಬೇಕು. ಇಂಜಿನ್ ಹೊಸದು ಹಾಕಿ ಹಳೇ ಗೇರ್ ಬಾಕ್ಸ್ ಬಿಟ್ರೆ ಹಲ್ಲು ಮುರೀತಾವೆ. ಗೇರ್ ಬಾಕ್ಸ್ ಗಟ್ಟಿ ಮಾಡಿದ್ರೆ ಬಲಾನ ಹಿಂದಕ್ಕೆ ಒಯ್ಯೋ ಶಾಫ್ಟು ತಿರುಚ್ಕೊಂತೈತೆ. ಶಾಫ್ಟು ಗಟ್ಟಿಯಾದ್ರೆ ಹಿಂದಿನ ಚಕ್ರ ತಿರುಗಿಸೋ ಹೌಸಿಂಗು ಅಳ್ತೈತೆ. ಒಬ್ಬರನ್ನ ಮುಟ್ಟಿದ್ರೆ ಮನೆ ಮಂದಿನೆಲ್ಲ ಮಾತಾಡಿಸ್ಬೇಕು." ಕೂಡು ಕುಟುಂಬದ ಬಗ್ಗೆ ಇಷ್ಟು ಚೆನ್ನಾಗಿ ಯಾರೂ ನನಗೆ ಹೇಳಿರಲಿಲ್ಲ.

ಅಂತೂ ಯೋಜನೆ ನೆಲದ ಮೇಲೆ ಮೂಡಿತು. ಗೇರ್ ಬಾಕ್ಸು ಹೊನ್ನಾಳಿಯ ಗುಜರಿಯೊಂದರಲ್ಲಿ ಸಾಬರು ನೋಡಿಟ್ಟಿದ್ದರು. ಅದರ ಮೊದಲ ಗೇರು ಆಮೆಗೂ ಬೇಸರ ತರಿಸುವಷ್ಟು ನಿಧಾನ, ಆದರೆ ಬೆಟ್ಟ ಎಳೆಯುವಂಥದ್ದು. ಶಾಫ್ಟು ಕತ್ತರಿಸಿ ಬೆಸುಗೆ ಹಾಕಲು, ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಕೂರುವ ದಪ್ಪ ತಟ್ಟೆಯನ್ನು ಕಡೆದುಕೊಡಲು ನ್ಯಾಮತಿಯಲ್ಲಿ ಒಬ್ಬ ಲೇತ್ ಕೆಲಸದವನಿದ್ದ. ಉಳಿದದ್ದು ಇಂಜಿನ್ನು. ಅದಕ್ಕೆ ಅತ್ತಿಗೆಯ ತಮ್ಮ ತಿಪ್ಪೇಸ್ವಾಮಿ ಇದ್ದ. ಜಗಳೂರಿನಲ್ಲಿ ಲಾರಿ ಇಟ್ಟುಕೊಂಡಿದ್ದ ಅವನಿಗೆ ಚಿತ್ರದುರ್ಗ, ಬಳ್ಳಾರಿ ಕಡೆಯ ಹಳೇ ಇಂಜಿನ್ನುಗಳ ಜಾತಕವೆಲ್ಲ ಗೊತ್ತಿತ್ತು. ಅವನಿಗೊಂದು ಕಾಗದ ಬರೆದರೆ ಸಾಕು. ಕಾಗದ ಬರೆಯುವ ಕೆಲಸ, ಹೇಳಬೇಕೆ, ಕನ್ನಡ ಮೇಷ್ಟ್ರಿಗೇ ಬಂತು.

"ಏನಂತ ಬರೀಲಿ?" ಎಂದು ಕೇಳಿದೆ.

"ದಮ್ಮಿರೋ ಇಂಜಿನ್ ಬೇಕು ಅಂತ ಬರೀರಿ. ಅಷ್ಟು ಸಾಕು. ಇಂಜಿನ್ ಗೊತ್ತಿರೋರಿಗೆ ಆ ಮಾತಿನಲ್ಲೇ ಎಲ್ಲಾ ತಿಳೀತೈತೆ," ಎಂದರು ಸಾಬರು.

ಇಲ್ಲಿ, ಓದುಗ ಮಿತ್ರರೇ, ನಿಮ್ಮ ತಾಳ್ಮೆಯನ್ನು ಒಂದಿಷ್ಟು ಸಾಲ ಕೇಳುತ್ತೇನೆ, ಏಕೆಂದರೆ ಈ ಕಥೆಯ ಇಕ್ಕಟ್ಟೆಲ್ಲ ಆ ಎರಡಕ್ಷರದಲ್ಲಿದೆ. ದಮ್ಮು ಎಂದರೆ ಉಸಿರು, ಉಸಿರಿನಿಂದ ಬರುವ ತ್ರಾಣ, ಎದೆಗಾರಿಕೆ. ದಮ್ಮಿದ್ದರೆ ಬಾ ಎಂದು ಜಟ್ಟಿಗಳು ತೊಡೆ ತಟ್ಟುತ್ತಾರೆ, ಬೀಡಿ ಸೇದುವವರು ಒಂದು ದಮ್ಮು ಎಳೆಯುತ್ತಾರೆ. ಅದೇ ದಮ್ಮು ಎಂದರೆ ಉಸಿರೇ ಇಲ್ಲದಂತೆ ಮಾಡುವ ರೋಗವೂ ಹೌದು. ಇರುವುದಕ್ಕೂ ಇಲ್ಲದಿರುವುದಕ್ಕೂ ಒಂದೇ ಹೆಸರಿಟ್ಟ ನಮ್ಮ ಜನರ ಜಾಣತನಕ್ಕೆ ಏನೆನ್ನಬೇಕೋ ನನಗೆ ಇಂದಿಗೂ ತಿಳಿಯದು. ನಮ್ಮ ಮನೆಯಲ್ಲಂತೂ ಆ ಪದವನ್ನು ಯಾರೂ ಆಡುತ್ತಿರಲಿಲ್ಲ. ಅತ್ತಿಗೆಯ ಕಾಯಿಲೆಗೆ "ಅದು" ಎಂದೇ ಹೆಸರು. "ಇವತ್ತು ಅದು ಹೆಂಗೈತೆ?" "ಅದು ಸ್ವಲ್ಪ ಕಮ್ಮಿ ಐತೆ." ಹೆಸರು ಹಿಡಿದು ಕರೆದರೆ ಬಂದು ಕೂರುತ್ತದೆ ಎಂಬ ಹೆದರಿಕೆ.

ಜಗಳೂರಿನ ಮನೆಯಲ್ಲಿ ನಮ್ಮ ಕಾಗದ ಬಂದರೆ ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದುವುದು ವಾಡಿಕೆ. ಅತ್ತಿಗೆಯ ಅವ್ವ ಮಣೆ ಹಾಕಿಸಿಕೊಂಡು ಕೂತು ಕೇಳುವವರು. ಮಗಳ ಮನೆಯಿಂದ ಬಂದ ಕಾಗದದಲ್ಲಿ ದಮ್ಮು ಎಂಬ ಪದ ಕಿವಿಗೆ ಬಿತ್ತೆಂದರೆ ಆ ಮುದುಕಿ ಮುಂದಿನ ಮಾತಿಗೆ ಕಾಯದೆ ಎದೆ ಬಡಿದುಕೊಂಡಾರು ಎಂದು ನನಗನ್ನಿಸಿತು. ಜತೆಗೆ, ಸುಳ್ಳೇಕೆ, ಮೇಸ್ತ್ರಿಯ ಬಾಯಿಮಾತನ್ನು ಹಾಗೇ ಬರೆದರೆ ಪಂಡಿತನ ಮರ್ಯಾದೆ ಏನಾಯಿತು ಎಂಬ ಹಮ್ಮೂ ಇತ್ತು. ಯೋಚಿಸಿ, ತೂಗಿ, "ಜೀಪಿಗೆ ಬಲು ಜೋರಾದ ಇಂಜಿನ್ನೊಂದು ಬೇಕಾಗಿದೆ" ಎಂದು ಬರೆದೆ. ಬರೆದು, ಒಮ್ಮೆ ಗಟ್ಟಿಯಾಗಿ ಓದಿ, ಬೆನ್ನು ತಟ್ಟಿಕೊಂಡೆ.

ಕಾಗದಕ್ಕೆ ಅಂಟು ಹಚ್ಚುತ್ತಿದ್ದಾಗ ಅಕ್ಕಿ ಆರಿಸುತ್ತ ಕೂತಿದ್ದ ಅತ್ತಿಗೆ ಮೆಲ್ಲಗೆ ಕೇಳಿದರು. "ಸಿದ್ದಣ್ಣ, ಒಂದು ಮಾತು. ನಿಮ್ಮಣ್ಣನ ಮುಂದೆ ಹೇಳಬ್ಯಾಡ. ನನ್ನ ಜಗಳೂರಿಗೆ ಸಾಗಿಸಾಕೆ ಅಷ್ಟು ಜೋರಿಂದು ಯಾಕಂತೆ? ಅಷ್ಟು ಅವಸರ ಐತಾ?"

ಡಾಕ್ಟರು ಖಾಯಂ ಎಂದದ್ದು ಒಂದು ದಿನ, ಅಣ್ಣ ಶೆಡ್ಡಿಗೆ ಹೋದದ್ದು ಮರುದಿನ. ಆ ಎರಡು ದಿನಗಳನ್ನು ಪಕ್ಕಪಕ್ಕ ಇಟ್ಟು ಅತ್ತಿಗೆ ಮೂರು ತಿಂಗಳಿನಿಂದ ಒಬ್ಬರೇ ಅರ್ಥ ಮಾಡುತ್ತಿದ್ದರೆಂದು ಆಗ ಹೊಳೆಯಿತು. ನಾನೂ ಹಾಗೇ ಅರ್ಥ ಮಾಡಿದ್ದೆನೋ ಏನೋ. ಅಣ್ಣನನ್ನೇ ಕೇಳಬಹುದಿತ್ತು. ಆದರೆ ಗಂಡನಿಗೆ "ನನ್ನನ್ನು ಬಿಡುತ್ತೀರಾ" ಎಂದು ಹೆಂಡತಿ ಕೇಳುವ, ಗಂಡ "ಇಲ್ಲ" ಎಂದು ಬಾಯಿಬಿಟ್ಟು ಹೇಳುವ ರೂಢಿ ನಮ್ಮ ಮನೆಗಳಲ್ಲಿ ಇರಲಿಲ್ಲ. ಊಟ ಆಯ್ತಾ ಎಂದು ಕೇಳುವುದರಲ್ಲೇ ನಾವು ಎಲ್ಲವನ್ನೂ ಕೇಳಿಬಿಡುವ ಜನ. ಅತ್ತಿಗೆ ಮತ್ತೆ ಮೊರಕ್ಕೆ ಬಗ್ಗಿದರು, ನಾನು ಅಂಚೆಪೆಟ್ಟಿಗೆಗೆ ಹೋದೆ.

ಹದಿನೈದು ದಿನಕ್ಕೆ ತಿಪ್ಪೇಸ್ವಾಮಿ ತನ್ನ ಲಾರಿಯಲ್ಲೇ, ಶೇಂಗಾ ಚೀಲಗಳ ನಡುವೆ ಇಂಜಿನ್ನನ್ನು ಹೂತುಕೊಂಡು ಬಂದ. ಶೆಡ್ಡಿನ ಸಂದಿಗೆ ಲಾರಿ ನುಗ್ಗದ ಕಾರಣ ಮನೆಯ ಮುಂದೆಯೇ ಇಳಿಸಿದ್ದಾಯಿತು. ಬಾಬಾಜಾನ್ ಸಾಬರು ಗೋಣಿತಾಟು ಸರಿಸಿ, ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಸುಮ್ಮನೆ ನಿಂತರು. ಮೇಸ್ತ್ರಿಗಳು ಬೈದರೆ ಹೆದರಬೇಕಿಲ್ಲ, ಸುಮ್ಮನಾದರೆ ಹೆದರಬೇಕು.

"ಇದು ಪೆಟ್ರೋಲ್ ಕಾರಿಂದು," ಎಂದರು ಕೊನೆಗೆ. "ಓಡೋ ಇಂಜಿನ್. ಖಾಲಿ ರೋಡಿನಾಗೆ ಬಿಟ್ರೆ ಹಾರ್ತೈತೆ, ಏರು ಬಂದ್ರೆ ಕೈ ಮುಗೀತೈತೆ. ನಾನು ಎತ್ತು ಕೇಳಿದ್ರೆ ನೀವು ಕುದುರೆ ತಂದೀರಿ."

ತಿಪ್ಪೇಸ್ವಾಮಿ ಅಂಗಿಯ ಜೇಬಿನಿಂದ ನನ್ನ ಕಾಗದ ತೆಗೆದ. "ಭಾವ, ನೀವೇ ನೋಡ್ರಿ. ಬಲು ಜೋರಾದ್ದು ಅಂತ ಬರೆದೀರಿ. ಇಡೀ ಬಳ್ಳಾರಿ ಹುಡುಕಿದ್ರೂ ಇದಕ್ಕಿಂತ ಜೋರಾಗಿ ಓಡೋದು ಸಿಗಂಗಿಲ್ಲ."

ಮಳೆ ಜೋರು, ವ್ಯಾಪಾರ ಜೋರು, ಪಕ್ಕದ ಮನೆಯ ಹೆಂಗಸು ಜೋರು. ನಾಲ್ಕು ಜನ ನಾಲ್ಕು ಅರ್ಥಕ್ಕೆ ಎಳೆದಾಡುವ ಪದವನ್ನು ಇಂಜಿನ್ನಿಗೆ ಕಟ್ಟಿ ಕಳಿಸಿದ್ದೆ. ಆ ಜಾಗದಲ್ಲಿ ಸಾಬರ ಪದವೊಂದೇ ಸರಿಯಾದದ್ದು, ಅದನ್ನೇ ನಾನು ಹೊಡೆದುಹಾಕಿದ್ದೆ. ತಪ್ಪು ಒಪ್ಪಿಕೊಂಡೆ. ಏಕೆ ಬದಲಿಸಿದೆ ಎಂದೂ ಹೇಳಬೇಕಾಯಿತು. ಹೇಳುವಾಗ ಆರು ವರ್ಷ ನಮ್ಮ ಹೊಸಿಲೊಳಗೆ ಬಾರದ ಪದ ಮೊದಲ ಬಾರಿಗೆ ನನ್ನ ಬಾಯಿಂದಲೇ, ಅದೂ ಬಾಗಿಲಲ್ಲಿ ಮೂಗಿಗೆ ಸೆರಗು ಹಿಡಿದು ನಿಂತಿದ್ದ ಅತ್ತಿಗೆಯ ಎದುರಿಗೇ ಬಿತ್ತು. ಅಣ್ಣ ನೆಲ ನೋಡಿದ. ನನಗೆ ಎಲ್ಲಾದರೂ ಓಡಿಹೋಗೋಣ ಎನ್ನಿಸಿತು.

ಅತ್ತಿಗೆ ನಕ್ಕರು. ನಗು ಕೆಮ್ಮಿಗೆ ತಿರುಗಿತು, ಕೆಮ್ಮು ಉಬ್ಬಸಕ್ಕೆ. ಸುಧಾರಿಸಿಕೊಂಡು, "ದಮ್ಮು ಅಂದ್ರೆ ಏನಾಯ್ತೋ? ಇರೋದನ್ನ ಇಲ್ಲ ಅನ್ನಾಕಾಗ್ತೈತಾ?" ಎಂದರು.

ಸಾಬರು ಅಣ್ಣನ ಕಡೆ ತಿರುಗಿ, "ಇದನ್ನ ವಾಪಸ್ ಕಳ್ಸಿ ಡೀಸೆಲ್ ತರಿಸ್ರಿ ಸಾವ್ಕಾರ್ರೆ. ನಿಮ್ಮ ಗಿರಣಿಯಾಗೆ ಐತಲ್ಲ, ಅಂಥ ಜಾತೀದು. ಅದಕ್ಕೆ ದಮ್ಮಿರ್ತೈತೆ," ಎಂದರು.

"ಡೀಸೆಲ್ಲಾ?" ಎಂದರು ಅತ್ತಿಗೆ. ಗಂಡಸರ ಮಾತಿನ ನಡುವೆ ಅವರು ಬಾಯಿ ಹಾಕಿದ್ದನ್ನು ನಾನು ಅದೇ ಮೊದಲು ಕಂಡದ್ದು. "ಗಿರಣಿ ಇಂಜಿನ್ ಚಾಲೂ ಮಾಡಿದ್ರೆ ನಾನು ಮೂರು ಕಿಟಕಿ ಮುಚ್ಕೊಂಡು ಕೂತ್ಕೊಂತೀನಿ. ಅದರ ಕರಿ ಹೊಗೆನ ನನ್ನ ಕಾಲ ಮುಂದೆ ಇಟ್ಕೊಂಡು ಜಗಳೂರು ತನಕ ಹೋಗಾಕೆ ಆಗ್ತೈತಾ?"

ಮೂರು ತಿಂಗಳು. ನೆಲದ ಮೇಲೆ ಅಷ್ಟು ಸೀಮೆಸುಣ್ಣ ಸವೆಸಿದ್ದೆವು. ಗೇರಿನ ಹಲ್ಲು, ಶಾಫ್ಟಿನ ಉದ್ದ, ರೇಡಿಯೇಟರಿನ ಜಾಗ, ಹಿಂದಿನ ಕಮಾನಿಗೆ ಇನ್ನೆರಡು ಪಟ್ಟಿ, ಇವೆಲ್ಲ ಆ ನಕ್ಷೆಯಲ್ಲಿದ್ದವು. ಆ ಜೀಪಿನಲ್ಲಿ ಕೂರುವ ಒಬ್ಬರ ಎದೆ ಮಾತ್ರ ಇರಲಿಲ್ಲ. ಸಾಬರು ತಲೆಯ ಮೇಲಿನ ಟೋಪಿ ತೆಗೆದು ಮತ್ತೆ ಇಟ್ಟುಕೊಂಡರು. "ತಪ್ಪಾತು ತಾಯಿ," ಎಂದರು, "ಇಂಜಿನ್ನಿನ ದಮ್ಮು ನೋಡಿದ್ವಿ, ನಿಮ್ಮ ದಮ್ಮು ಮರೆತ್ವಿ." ನನ್ನ ತಪ್ಪಿಲ್ಲದಿದ್ದರೆ ಆ ಹೊಗೆಯ ಪೆಟ್ಟಿಗೆ ಅಷ್ಟರಲ್ಲಿ ಜೀಪಿನೊಳಗೆ ಕೂತಿರುತ್ತಿತ್ತು. ಹಾಗೆಂದು ತಪ್ಪನ್ನು ಸಾಧನೆ ಎಂದು ನಾನು ಹೇಳಿಕೊಳ್ಳಲಾರೆ; ಕಣ್ಣು ಕಾಣದೆ ಎಸೆದ ಕಲ್ಲು ಹಾವಿಗೆ ತಾಗಿತು, ಅಷ್ಟೆ.

ಆ ಮಧ್ಯಾಹ್ನವೇ ಶೆಡ್ಡಿನ ನೆಲ ತೊಳೆದು ಹೊಸ ನಕ್ಷೆ ಹಾಕಿದರು. ಕುದುರೆಯೇ ಬಂದ ಮೇಲೆ ಕುದುರೆಯನ್ನೇ ಗಾಡಿಗೆ ಕಟ್ಟುವುದು. "ಜಟಕಾ ಎಳೆಯಲ್ವಾ ಕುದುರೆ? ಹೆಜ್ಜೆ ಸಣ್ಣದು ಮಾಡಿಸ್ಬೇಕು, ಅಷ್ಟೆ," ಎಂದರು ಸಾಬರು. ಇಂಜಿನ್ನು ತನ್ನ ಪಾಡಿಗೆ ವೇಗವಾಗಿ ತಿರುಗಲಿ. ಹೊನ್ನಾಳಿಯ ಆ ಆಮೆ ಗೇರು, ಹಿಂದಿನ ಹೌಸಿಂಗಿನಲ್ಲಿ ಸಣ್ಣ ಹಲ್ಲಿನ ಚಕ್ರ, ಇವುಗಳ ಕೈಯಲ್ಲಿ ಆ ವೇಗ ಇಳಿಯುತ್ತ ಇಳಿಯುತ್ತ ಬಲವಾಗಿ ನೆಲ ಮುಟ್ಟಲಿ. ವೇಗವನ್ನು ಬಿಟ್ಟುಕೊಟ್ಟರೆ ಬಲ ಸಿಗುತ್ತದೆ ಎಂಬುದನ್ನು ನಾನು ನೀತಿಶತಕಗಳಲ್ಲಿ ಓದಿರಲಿಲ್ಲ, ನ್ಯಾಮತಿಯ ಲೇತಿನವನು ಕಡೆದುಕೊಟ್ಟ ತಟ್ಟೆಯನ್ನು ಕೈಯಲ್ಲಿ ಹಿಡಿದು ಕಲಿತೆ. ಹೊಗೆಯ ಕೊಳವೆಯನ್ನು ಸಾಬರು ಉದ್ದ ಮಾಡಿ ಹಿಂದಿನ ಚಕ್ರದಾಚೆ, ಎಡಬದಿಯಲ್ಲಿ ಕೂತವರಿಗೆ ತಾಗದಂತೆ ಬಲಕ್ಕೆ ತಿರುಗಿಸಿದರು. ಎಲ್ಲ ಸೇರಿದ ಮೇಲೆ ಅತ್ತಿಗೆಯನ್ನು ಕರೆಸಿ ಕೂರಿಸಿ, ಇಂಜಿನ್ನು ಚಾಲೂ ಮಾಡಿ, "ವಾಸನೆ ಬರ್ತೈತೇನು ತಾಯಿ?" ಎಂದು ಮೂರು ಸಲ ಕೇಳಿದರು.

ಸುಗ್ಗಿ ಬಂತು. ಮೊದಲ ಹಂಡೆಗಳಿಗೆ ಬೆಂಕಿ ಬಿದ್ದ ದಿನ ಬೆಳಗ್ಗೆ ಅತ್ತಿಗೆ ತಮ್ಮ ಟ್ರಂಕು ತುಂಬಿದರು. ಪ್ರತಿ ವರ್ಷ ನಾಲ್ಕು ಸೀರೆ ಇಡುತ್ತಿದ್ದವರು ಆ ವರ್ಷ ಮದುವೆಯ ಸೀರೆಯನ್ನೂ ಇಟ್ಟದ್ದನ್ನು ನಾನು ನೋಡಿದೆ. ದೇವರ ಮನೆಯಲ್ಲಿ ಸ್ವಲ್ಪ ಹೊತ್ತು ಹೆಚ್ಚಿಗೆ ಕೂತರು. ಟ್ರಂಕು ಹಿಂದಿಟ್ಟು ಅದರ ಪಕ್ಕ ನಾನು ಕೂತೆ, ಅವರು ಮುಂದೆ ಅಣ್ಣನ ಎಡಕ್ಕೆ.

ಜೀಪು ಸಂತೇಬೆನ್ನೂರು ದಾಟಿತು, ನೀರು ಕುದಿಯಲಿಲ್ಲ. ಏರುಗಳನ್ನು ಮೆಟ್ಟಿಲು ಹತ್ತುವ ಗಟ್ಟಿ ಮುದುಕನ ಹಾಗೆ ಒಂದೇ ಲಯದಲ್ಲಿ ಹತ್ತಿತು. ಅಣ್ಣನ ಮುಖದಲ್ಲಿ ವರ್ಷಗಳ ಮೇಲೆ ಕಂಡ ಉಲ್ಲಾಸ. ಸಮತಟ್ಟು ಸಿಕ್ಕಲ್ಲೆಲ್ಲ ಅವನ ಕಾಲು ತಾನಾಗಿ ಅದುಮುತ್ತಿತ್ತು, ಆಗೆಲ್ಲ ಅತ್ತಿಗೆ, "ನಿಧಾನ ಹೋಗ್ರಿ," ಎನ್ನುತ್ತಿದ್ದರು. ದಾವಣಗೆರೆ ದಾಟಿದ ಮೇಲೂ "ನಿಧಾನ ಹೋಗ್ರಿ." ಗಾಳಿ ಎದೆಗೆ ಬಡಿಯುತ್ತಿದೆಯೇನೋ ಎಂದು ಹಿಂದಿನಿಂದ ಕೈ ಚಾಚಿ ಅವರ ಬದಿಯ ಪರದೆ ಕಟ್ಟಿದೆ. ಜಗಳೂರು ಹತ್ತಿರವಾಗಿ ಗಾಳಿ ಒಣಗಿ ಹಗುರಾದಾಗಲೂ, ಅವರ ಉಸಿರು ಸಲೀಸಾಗಿ ಆಡುತ್ತಿದ್ದಾಗಲೂ ಅದೇ ಮಾತು. ಅದು ಉಸಿರಿನ ಮಾತಲ್ಲವೆಂದು ನನಗೆ ಹೊಳೆದದ್ದು ಆಗ. ಅಣ್ಣನ ಬೆನ್ನಿಗೆ ಗುದ್ದಬೇಕೆನ್ನಿಸಿತು.

ಮನೆಯ ಮುಂದೆ ಜೀಪು ನಿಂತಿತು. ಅವ್ವ ಬಾಗಿಲಿಗೆ ಬಂದರು. ತಿಪ್ಪೇಸ್ವಾಮಿ ಓಡಿಬಂದು ಹಿಂದಿನ ಪರದೆ ಎತ್ತಿ, ವಾಡಿಕೆಯಂತೆ ಟ್ರಂಕಿನ ಹಿಡಿಗೆ ಕೈ ಹಾಕಿದ.

"ಟ್ರಂಕು ಇಳಿಸಬ್ಯಾಡ," ಎಂದ ಅಣ್ಣ.

"ಯಾಕೆ ಭಾವ?"

ಅಣ್ಣ ಸ್ಟೀರಿಂಗ್ ಹಿಡಿದುಕೊಂಡೇ, ಯಾರ ಮುಖವನ್ನೂ ನೋಡದೆ ಹೇಳಿದ. "ಹಂಡೆ ಉರಿಯೋದು ಹಗಲು. ಸಂಜೆಗೆ ಹೊಗೆ ಕಮ್ಮಿ ಆಗ್ತೈತೆ. ಹೊಗೆ ಜಾಸ್ತಿ ಇದ್ದ ದಿನ ಬೆಳಗ್ಗೆ ಕರಕೊಂಡು ಬರ್ತೀನಿ, ಸಂಜೆ ಕರಕೊಂಡು ಹೋಗ್ತೀನಿ. ಅದಕ್ಕೇ ಅಲ್ವಾ ಇಂಜಿನ್ ಹಾಕ್ಸಿದ್ದು? ಬರಾಕೆ ಅಷ್ಟೇ ಆಗಿದ್ರೆ ಬಸ್ ಸಾಕಾಗಿತ್ತು."

ಅವ್ವನಿಗೆ ಅರ್ಥವಾಗಲಿಲ್ಲ, ಊಟಕ್ಕೆ ಏಳಿ ಎಂದರು. ಅತ್ತಿಗೆ ಇಳಿಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಮೂರು ತಿಂಗಳು ಇದನ್ನ ಆ ನೆಲಕ್ಕೆ ಹೇಳೋ ಬದಲು ನನಗೆ ಹೇಳಿದ್ರೆ ಏನಾಗ್ತಿತ್ತು?" ಎಂದರು. ಅಣ್ಣ ಕೆಳಗಿಳಿದು ಹೋಗಿ ಬಾನೆಟ್ಟು ಎತ್ತಿದ. ಪದಗಳ ಮೇಷ್ಟ್ರಾದ ನಾನು ಟ್ರಂಕಿನ ಮೇಲಿನ ಧೂಳು ಒರೆಸತೊಡಗಿದೆ.

ಮಧ್ಯಾಹ್ನ ಊಟವಾಯಿತು, ಅವ್ವ ಮಗಳ ಉಡಿ ತುಂಬಿದರು. ನಾಲ್ಕು ತಿಂಗಳಿಗೆ ಬಂದವಳು ನಾಲ್ಕು ಗಂಟೆಗೆ ಹೊರಟದ್ದನ್ನು ಕಂಡು ಅಕ್ಕಪಕ್ಕದವರು ಜಗಲಿಗೆ ಬಂದು ನಿಂತರು. ಜೀಪು ಊರು ದಾಟಿ ದಾವಣಗೆರೆಯ ರಸ್ತೆಗೆ ತಿರುಗಿತು. ಬೆಳಗ್ಗೆಯೆಲ್ಲ ಬೈಸಿಕೊಂಡಿದ್ದ ಅಣ್ಣ ಕಾಲು ಹಗುರ ಮಾಡಿಕೊಂಡು, ಎತ್ತಿನ ಗಾಡಿಯ ವೇಗದಲ್ಲಿ ಹೋಗತೊಡಗಿದ.

ಅತ್ತಿಗೆ ಪರದೆ ಬಿಚ್ಚಿದರು. ಗಾಳಿ ಒಳಗೆ ನುಗ್ಗಿತು. ಅವರು ಎದೆ ತುಂಬ ಒಮ್ಮೆ ಉಸಿರೆಳೆದುಕೊಂಡು ಅಂದರು:

"ಈಗ ಜೋರಾಗಿ ಹೋಗ್ರಿ."